ಗೇಣು

ಇಂಡಿಯಾನಾಪೊಲಿಸ್. ಫೆಬ್ರುವರಿಯ ಕೊನೆಯ ವಾರ.
ಹೊರಗೆ ಉಪ್ಪು ಚೆಲ್ಲಿದ ರಸ್ತೆ, ಕರಗಲೊಲ್ಲದ ಕೊಳಕು ಹಿಮ.
ಒಳಗೆ, ಚಾವಣಿ ಮುಚ್ಚಿದ ಕ್ರೀಡಾಂಗಣದಲ್ಲಿ,
ಹವಾಮಾನವೇ ಇಲ್ಲ.

ಬೆಳಿಗ್ಗೆ ಏಳಕ್ಕೇ ಶುರು.
ಬರೀ ಚಡ್ಡಿಯಲ್ಲಿ ಹುಡುಗರು ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಾರೆ.
ಕೆಳಗೆ ಅರೆಗತ್ತಲಲ್ಲಿ ನಾವು,
ಪೆನ್ಸಿಲು ಹಿಡಿದ ಇನ್ನೂರು ಗಂಡಸರು.
ಎತ್ತರ. ತೂಕ. ತೋಳಿನುದ್ದ.
ಆಮೇಲೆ ಅಂಗೈ ಬಿಚ್ಚಿಸಿ
ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ
ಒಂದು ಗೇಣು:
ಒಂಬತ್ತು ಇಂಚು, ಮೇಲೊಂದು ಎಂಟನೇ ಭಾಗ
ಎಂದು ಮೈಕಿನಲ್ಲಿ ಕೂಗುತ್ತಾರೆ.

‘ನನ್ನಜ್ಜ ಹೀಗೇ ಹೇಸರಗತ್ತೆ ಕೊಳ್ಳುತ್ತಿದ್ದ,
ಬಾಯಿ ತೆರೆಸಿ ಹಲ್ಲೂ ನೋಡುತ್ತಿದ್ದ’ ಎಂದು
ಹ್ಯಾಸ್ಕಿನ್ಸ್ ನಕ್ಕ.
ಪಕ್ಕದಲ್ಲಿದ್ದ ಪೆಟ್‌ವೇ, ಅಲಬಾಮಾದ ಕರಿಯ ಮುದುಕ,
ಪೆನ್ಸಿಲು ಕೆಳಗಿಟ್ಟ.
ಏನೂ ಅನ್ನಲಿಲ್ಲ.
ಮುಂದಿನ ಹುಡುಗ ಬಂದಾಗ ಮತ್ತೆ ಎತ್ತಿಕೊಂಡ.

ಹನ್ನೊಂದನೆಯವನು ಒರೆನ್ ಟಿಬಡೋ, ಲೂಸಿಯಾನಾದವನು.
ಅಕ್ಟೋಬರಿನಲ್ಲಿ ನಾನಿವನ ಆಟ ನೋಡಿದ್ದೆ.
ಸಣ್ಣ ಕಾಲೇಜು, ಒಂದು ಬದಿಯ ದೀಪ ಕೆಟ್ಟ ಮೈದಾನ,
ಹುರಿದ ಮೀನಿನ ವಾಸನೆ, ಮೊಣಕಾಲಿನವರೆಗೆ ಕೆಸರು.
ಚೆಂಡಿನ್ನೂ ನೆಲ ಬಿಟ್ಟಿರಲಿಲ್ಲ,
ಎದುರು ಸಾಲಿನಲ್ಲಿ ಒಬ್ಬನ ಹಿಮ್ಮಡಿ
ಕೂದಲೆಳೆಯಷ್ಟು ಅಲುಗಿತೋ ಏನೋ,
ಇವನಾಗಲೇ ಎಡಕ್ಕೆ ಎರಡು ಹೆಜ್ಜೆ ಇಟ್ಟಾಗಿತ್ತು.
ಚೆಂಡು ಹೊತ್ತವನು ಓಡೋಡಿ ಬಂದು
ಇವನ ಎದೆಗೇ ಬಿದ್ದ,
ಕೊಟ್ಟ ಸಾಲ ತಾನಾಗಿ ಮನೆ ಬಾಗಿಲಿಗೆ ಬಂದ ಹಾಗೆ.
ಅಂದು ನನ್ನ ಪುಸ್ತಕದಲ್ಲಿ ಎರಡೇ ಪದ ಬರೆದಿದ್ದೆ:
ಇವನಿಗೆ ಗೊತ್ತು.

ಇವತ್ತು ನಲವತ್ತು ಗಜದ ಓಟ.
ಕೈ ನೆಲ ಬಿಟ್ಟ ಮೇಲಷ್ಟೇ ಗಡಿಯಾರ ಓಡುತ್ತದೆ,
ಅದಕ್ಕೂ ಮೊದಲಿನದು ಲೆಕ್ಕಕ್ಕಿಲ್ಲ.
ಅವನದೆಲ್ಲ ಮೊದಲಿನದೇ.
ನಾಲ್ಕು ಪಾಯಿಂಟ್ ಎಂಟು ಮೂರು.
ನಮ್ಮ ಸಾಲಿನಲ್ಲಿ ಯಾರೋ ಕಾಫಿಯ ಲೋಟ ಹಿಸುಕಿದರು.

ಅವನ ಹಿಂದೆಯೇ ಮಕ್‌ವರ್ಟರ್ ಎಂಬ ಹುಡುಗ,
ನಾಲ್ಕು ಪಾಯಿಂಟ್ ನಾಲ್ಕು ಒಂದು!
ಗಡಿಯಾರಗಳೆಲ್ಲ ಜೀರುಂಡೆಗಳಂತೆ ಒಟ್ಟಿಗೆ ಕಿರ್ರೆಂದವು.
ಎದುರಿಗೆ ಯಾರೂ ಇಲ್ಲವೆಂಬಂತೆ ಓಡಿದ.
ನಿಜ,
ಎದುರಿಗೆ ಯಾರೂ ಇರಲಿಲ್ಲ.

ಮಧ್ಯಾಹ್ನ ಆರು ಮಂದಿ ಡಾಕ್ಟರು ಅದೇ ಮಂಡಿಯನ್ನು
ಆರು ಸಲ ತಿರುಚಿದರು.
ಸಂಜೆ ಕೋಣೆಯಲ್ಲಿ ನಮ್ಮವನೊಬ್ಬ ಕೇಳಿದ:
‘ನೀನು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ?’
ಟಿಬಡೋ ತುಸು ಯೋಚಿಸಿ,
‘ನಮ್ಮಮ್ಮ ಕಾರ್ಖಾನೆಯಲ್ಲಿ ಏಡಿ ಸುಲಿಯುತ್ತಾಳೆ ಸರ್,
ಏಡಿಯಂತೂ ಆಗಲಾರೆ’ ಅಂದ.
ಯಾರೂ ನಗಲಿಲ್ಲ. ‘ಗಾಂಭೀರ್ಯ ಸಾಲದು’ ಎಂದು ದಾಖಲಾಯಿತು.

ರಾತ್ರಿ ಫಲಕದ ಮೇಲಿನ ಹೆಸರಿನ ಪಟ್ಟಿಗಳನ್ನು
ಕಿತ್ತು ಅಂಟಿಸುವ ಹೊತ್ತು.
ಮೂರನೇ ಸಾಲಿನಿಂದ ಆರನೆಯದಕ್ಕೆ ಅವನನ್ನು ಇಳಿಸಿದ್ದು
ಬೇರೆ ಯಾರೂ ಅಲ್ಲ, ನಾನೇ.
ಮೂವತ್ತೊಂದು ವರ್ಷದ ಕಣ್ಣಳತೆ ನನ್ನದು,
ಆದರೂ ಕಣ್ಣು ತಪ್ಪಿದರೆ ಕೆಲಸ ಹೋಗುತ್ತದೆ,
ಗಡಿಯಾರ ತಪ್ಪಿದರೆ ಯಾರ ಕೆಲಸವೂ ಹೋಗುವುದಿಲ್ಲ.
ಮನೆಯ ಕಂತು ಇನ್ನೂ ಏಳು ವರ್ಷ ಇದೆ.

ಹೋಟೆಲಿನ ಮೊಗಸಾಲೆ, ಹನ್ನೊಂದೂವರೆ.
ಕಂಬಳಿಯಂಥ ನೆಲಹಾಸು, ನನ್ನ ಹೆಜ್ಜೆ ನನಗೇ ಕೇಳದು.
ತಿರುವು ದಾಟಿದರೆ ಲಿಫ್ಟು,
ಮುಚ್ಚಿಕೊಳ್ಳುತ್ತಿದ್ದ ಬಾಗಿಲ ನಡುವೆ
ಆಗಲೇ ಚಾಚಿ ನಿಂತಿದ್ದ ಒಂದು ಕೈ,
ಬೆರಳೆಲ್ಲ ಬಿಚ್ಚಿ.

‘ಎಷ್ಟನೇ ಮಹಡಿ ಸರ್?’ ಅಂದ.
ನನಗೆ ತಟ್ಟನೆ ನೆನಪಾಗಲಿಲ್ಲ.